ಹಲಸೂರಿನ ಜಗಲಿಯಲ್ಲಿ ಪೇಟೆಧಾರಣೆ

ನಮ್ಮ ಮನೆಯಲ್ಲಿ ಅತ್ತೆಗೊಂದು ಕೋಣೆ ಸಿಕ್ಕಿದ್ದು ಯುದ್ಧದ ದೆಸೆಯಿಂದ. ಅದಕ್ಕೆ ಮೊದಲು ಅದು ರಾಗಿಯ ಕೋಣೆಯಾಗಿತ್ತು. ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ರಾಗಿಯನ್ನು ಮೂಟೆ ಕಟ್ಟಿಸಿ ಅಲ್ಲಿ ಪೇರಿಸಿಡುತ್ತಿದ್ದರು. ಮೂಟೆಗಳ ಸಂದಿಯಲ್ಲಿ ನಾನು ಬೊಂಬೆ ಇಟ್ಟುಕೊಂಡು ಆಡುತ್ತಿದ್ದೆ. ಯುದ್ಧ ಬಂತು, ಅದರ ಬೆನ್ನಿಗೆ ರೇಷನ್ ಕಾರ್ಡು ಬಂತು, ವರ್ಷದ ದವಸವನ್ನು ಒಂದೇ ಸಲ ಮನೆಗೆ ತರುವ ಪದ್ಧತಿ ನಿಂತುಹೋಯಿತು. ಕೋಣೆ ಖಾಲಿಯಾಯಿತು. ಗೋಡೆಗೆ ಸುಣ್ಣ ಬಳಿದರೂ ರಾಗಿಯ ವಾಸನೆ ಹೋಗಲಿಲ್ಲ. ಅದೇ ತಿಂಗಳು ಮದರಾಸಿನಿಂದ ಅಪ್ಪನ ಅಕ್ಕ, ನನ್ನ ಪದ್ಮತ್ತೆ, ಒಂದು ತಗಡಿನ ಪೆಟ್ಟಿಗೆ ಹಿಡಿದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದಳು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ನನ್ನಮ್ಮ ಒಂದು ಚಾಪೆ, ಒಂದು ಚೊಂಬು, ಒಂದು ದೀಪ ತಂದು ಆ ಕೋಣೆಯಲ್ಲಿಟ್ಟಳು. ಅತ್ತೆ ಕಿಟಕಿ ತೆರೆದು ಹಿತ್ತಿಲ ನುಗ್ಗೆಮರವನ್ನು ನೋಡಿ, ದಿನಪತ್ರಿಕೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಆ ಮನೆಯಲ್ಲಿ ಅವಳು ಕೇಳಿದ ಮೊದಲ ಮಾತು ಅದು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು, ಸ್ವಲ್ಪ ಅಸಮಾಧಾನದಿಂದಲೇ.

ನಮ್ಮ ಮಾವ ಮದರಾಸಿನಲ್ಲಿ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಣ್ಣಿನ ದೃಷ್ಟಿ ಮಂದವಾದ ಮೇಲೆ ಇಂಗ್ಲಿಷ್ ಪತ್ರಿಕೆಯ ಪೇಟೆಧಾರಣೆಯ ಪುಟವನ್ನು ಹೆಂಡತಿಯಿಂದ ಓದಿಸಿ ಕೇಳುತ್ತಿದ್ದರಂತೆ. ಓದುತ್ತ ಓದುತ್ತ ಅವಳಿಗೆ ಆ ಪುಟದ ಒಳಗು ತಿಳಿಯಿತು. ಹತ್ತಿಯ ಬೆಲೆ ಏರಿದರೆ ಗಿರಣಿಯ ಷೇರು ಯಾಕೆ ಅಲುಗುತ್ತದೆ, ಹಡಗು ತಡವಾದರೆ ಬೆಳ್ಳಿಗೆ ಏನಾಗುತ್ತದೆ ಎಂಬುದನ್ನೆಲ್ಲ ಅವಳು ಬೇರೆ ಹೆಂಗಸರು ಮದುವೆ ಮನೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದಳು. ಮಾವ ಬಿಟ್ಟುಹೋದದ್ದು ಒಂದು ನೂಲಿನ ಗಿರಣಿಯ ಕೆಲವು ಷೇರುಗಳು ಮಾತ್ರ. ಅವುಗಳ ಲಾಭಾಂಶದ ಕಾಗದ ಬಂದ ದಿನ ಅತ್ತೆ ತಾನೇ ಒಲೆಯ ಮುಂದೆ ಕೂತು ಸಿಹಿ ಹುಗ್ಗಿ ಮಾಡುತ್ತಿದ್ದಳು. ಮಿಕ್ಕ ದಿನ ಅಡುಗೆಮನೆ ಅಮ್ಮನದು. ಅಲ್ಲಿ ಅತ್ತೆ ಸೌಟು ಮುಟ್ಟಿದರೆ ಅಮ್ಮನ ಮುಖ ಬಿಗಿಯುತ್ತಿತ್ತು.

ಪತ್ರಿಕೆ ಕೊಳ್ಳುವಷ್ಟು ಅನುಕೂಲ ನಮಗಿರಲಿಲ್ಲ. ಅದನ್ನು ತಂದುಕೊಡುವ ದಾರಿ ಮಾಡಿದವಳು ಸೆಲ್ವಮ್ಮ. ಅವಳು ನಮ್ಮ ಬೀದಿಯ ಕೊನೆಯಲ್ಲಿ ಮೂರು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದ ವಿಧವೆ. ಮನೆಮಾತು ತಮಿಳು, ನಮ್ಮೊಡನೆ ಕನ್ನಡ, ಯಾರಿಗೂ ಬಹುವಚನ ಬಳಸಿದವಳಲ್ಲ. ಕೆರೆಯ ಆಚೆ ಬದಿಯ ಬಂಗಲೆಯಲ್ಲಿದ್ದ ಆಂಗ್ಲೋ ಇಂಡಿಯನ್ ದೊರೆಸಾನಿಯ ಮನೆಗೂ ಅವಳದೇ ಹಾಲು. ದೊರೆಸಾನಿ ಓದಿ ಮುಗಿಸಿದ ಹಿಂದಿನ ದಿನದ ಪತ್ರಿಕೆಯನ್ನು ಸೆಲ್ವಮ್ಮ ಹಾಲಿನ ಕ್ಯಾನಿನ ಮೇಲೆ ಮಡಿಸಿಟ್ಟು ತರುತ್ತಿದ್ದಳು. ಹೀಗಾಗಿ ನಮ್ಮ ಮನೆಗೆ ಪೇಟೆ ಯಾವಾಗಲೂ ಒಂದು ದಿನ ತಡವಾಗಿ ಬರುತ್ತಿತ್ತು. ಅಪ್ಪ ಅದನ್ನು ಹಾಸ್ಯ ಮಾಡಿದರೆ, ಒಂದು ದಿನ ತಡವಾದರೆ ಕೆಡುವಂಥ ವಸ್ತುವಿನಲ್ಲಿ ನಮ್ಮಂಥವರು ದುಡ್ಡು ಹಾಕಲೇಬಾರದು ಎನ್ನುತ್ತಿದ್ದಳು ಅತ್ತೆ.

ಮಧ್ಯಾಹ್ನದ ಮುದ್ದೆ, ಸೊಪ್ಪಿನ ಸಾರು ಮುಗಿದು ಅಮ್ಮ ಸ್ವಲ್ಪ ಅಡ್ಡಾದ ಮೇಲೆ, ನಾಲ್ಕು ಗಂಟೆಯ ಸುಮಾರಿಗೆ, ಅತ್ತೆ ಜಗಲಿಯ ಕಂಬಕ್ಕೆ ಒರಗಿ ಪುಟ ಬಿಡಿಸುತ್ತಿದ್ದಳು. ಮೊದಮೊದಲು ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದವಳು, ಸೆಲ್ವಮ್ಮ ಅದರಲ್ಲಿ ಏನಿದೆ ಎಂದು ಕೇಳತೊಡಗಿದ ಮೇಲೆ ಗಟ್ಟಿಯಾಗಿ ಓದಿ ಅರ್ಥ ಹೇಳಲು ಶುರುಮಾಡಿದಳು. ಆಮೇಲೆ ಖಾಸಿಂ ಸಾಹೇಬರು ಬಂದರು. ಶಿವಾಜಿನಗರದಲ್ಲಿ ಆರು ಹೊಲಿಗೆ ಯಂತ್ರ ಇಟ್ಟು ಸಿಪಾಯಿಗಳ ಅಂಗಿ ಹೊಲಿಸಿಕೊಡುತ್ತಿದ್ದವರು. ಅಪ್ಪ ಗುಮಾಸ್ತನಾಗಿದ್ದ ಗೋದಾಮಿಗೇ ಅವರು ಹೊಲಿಸಿದ ಬಟ್ಟೆ ಬರುತ್ತಿತ್ತು. ಆ ಗೋದಾಮು ಸೈನ್ಯಕ್ಕೆ ಡೇರೆ, ಮಂಚ, ಉಡುಪು ಒದಗಿಸುವ ಗುತ್ತಿಗೆದಾರನದು. ಬರುಬರುತ್ತ ಬೀದಿಯ ಇನ್ನೂ ನಾಲ್ಕಾರು ಜನ ಕೂರತೊಡಗಿದರು. ಬಂದವರಿಗೆ ಕಾಫಿ ಕೊಡಬೇಕಾಗಿ ಬಂದು ಅಮ್ಮನ ರೇಷನ್ ಸಕ್ಕರೆ ತಿಂಗಳ ಅರ್ಧಕ್ಕೇ ಮುಗಿಯಿತು. ಅದಕ್ಕಾಗಿ ನಮ್ಮ ಮನೆಯಲ್ಲಿ ಮೂರು ದಿನ ಮಾತು ನಿಂತಿತ್ತು. ಕೊನೆಗೆ ಅಮ್ಮನೇ ಜಗಲಿಗೆ ಬಂದು, ಪೇಟೆ ಕೇಳಲು ಬರುವವರು ಅವರವರ ಬೆಲ್ಲ ತರಬೇಕು ಎಂದು ಸಾರಿಬಿಟ್ಟಳು. ಎಲ್ಲರೂ ಚೀಟಿಯಲ್ಲಿ ಬೆಲ್ಲ ಕಟ್ಟಿಕೊಂಡು ಬರಲು ಶುರುಮಾಡಿದರು. ಖಾಸಿಂ ಸಾಹೇಬರು ಮಾತ್ರ ಅಮ್ಮನಿಗೂ ಒಂದು ಉಂಡೆ ಹೆಚ್ಚಿಗೆ ತರುತ್ತಿದ್ದರು.

ಅತ್ತೆ ಇದನ್ನು ಕೊಳ್ಳಿ, ಅದನ್ನು ಮಾರಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಓದುವುದು, ಯಾಕೆ ಹೀಗಾಗಿರಬಹುದು ಎಂದು ಹೇಳುವುದು, ಅಷ್ಟೇ. ಪೇಟೆಧಾರಣೆ ಮುಗಿದ ಮೇಲೆ ಪುಟ ತಿರುವಿ 'ಬೇಕಾಗಿದ್ದಾರೆ' ಎಂಬ ಜಾಹೀರಾತುಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಿದ್ದಳು. ಫಿಟ್ಟರುಗಳು ಬೇಕಾಗಿದ್ದಾರೆ, ಟೈಪಿಸ್ಟುಗಳು ಬೇಕಾಗಿದ್ದಾರೆ, ಹೊಲಿಗೆಯವರು, ಬಡಗಿಗಳು, ಲಾರಿ ಓಡಿಸುವವರು. ಊರಿಗೆಲ್ಲ ಕೆಲಸ ಸಿಕ್ಕಿದ್ದ ಕಾಲ ಅದು. ವಿಮಾನ ಕಾರ್ಖಾನೆಯಿದ್ದ ವಿಮಾನಪುರದ ಕಡೆಗೆ ಬೆಳಿಗ್ಗೆ ಸೈಕಲ್ಲುಗಳ ಸಾಲೇ ಹೋಗುತ್ತಿತ್ತು. ಕೆಲಸದ ಕಾಲಂ ಉದ್ದವಾಗಿರುವಷ್ಟು ದಿನ ಪೇಟೆಯ ಕಾಲಮ್ಮಿಗೆ ಜೀವ ಇರುತ್ತದೆ ಎಂಬುದು ಅತ್ತೆಯ ಲೆಕ್ಕ. ಮುಂದೆ ನಾನು ಬಹಳ ವರ್ಷ ಒಂದು ವಾರಪತ್ರಿಕೆಯಲ್ಲಿ ಕೂಡಿಟ್ಟ ದುಡ್ಡನ್ನು ಏನು ಮಾಡುವುದೆಂದು ಕೇಳುವವರ ಕಾಗದಗಳಿಗೆ ಉತ್ತರ ಬರೆದೆ. ಕಚೇರಿಯಲ್ಲಿ ಯಾರಾದರೂ ಪೇಟೆಯ ದಿಕ್ಕು ಯಾವ ಕಡೆ ಎಂದು ಕೇಳಿದಾಗಲೆಲ್ಲ ನನ್ನ ಕೈ ತಾನಾಗಿ ಕೆಲಸದ ಜಾಹೀರಾತಿನ ಪುಟಕ್ಕೆ ಹೋಗುತ್ತಿತ್ತು.

ಯುದ್ಧದ ಕೊನೆಯ ವರ್ಷ ಆ 'ಬೇಕಾಗಿದ್ದಾರೆ' ಕಾಲಂ ಕುಗ್ಗತೊಡಗಿತು. ಅಪ್ಪನ ಗೋದಾಮಿನಲ್ಲಿ ಇನ್ನೂ ಗಾಡಿಗಳು ನಿಲ್ಲುತ್ತಲೇ ಇದ್ದವು, ಯಾರಿಗೂ ಅನುಮಾನ ಇರಲಿಲ್ಲ. ಆಗ ಖಾಸಿಂ ಸಾಹೇಬರು ಇನ್ನೂ ಆರು ಯಂತ್ರ ಕೊಳ್ಳುವ ಉಮೇದಿನಲ್ಲಿದ್ದರು. ಅತ್ತೆ ನಾಲ್ಕು ವಾರದ ಹಳೆಯ ಪತ್ರಿಕೆಗಳನ್ನು ಅವರ ಮುಂದೆ ಹರಡಿ, ಹೊಲಿಗೆಯವರು ಬೇಕೆಂಬ ಸಾಲುಗಳು ಹೇಗೆ ಒಂದೊಂದೇ ಕಡಿಮೆಯಾಗುತ್ತ ಬಂದಿವೆ ಎಂದು ಬೆರಳಿಟ್ಟು ತೋರಿಸಿದಳು. ಸಾಹೇಬರು ಹೊಸ ಯಂತ್ರ ಕೊಳ್ಳುವುದನ್ನು ಬಿಟ್ಟು, ಇದ್ದ ಆರರಲ್ಲಿ ನಾಲ್ಕನ್ನು ಒಳ್ಳೆಯ ಬೆಲೆಗೆ ಮಾರಿದರು. ಕೆಲವೇ ತಿಂಗಳಲ್ಲಿ ಯುದ್ಧ ನಿಂತಿತು. ಉಡುಪಿನ ಆರ್ಡರುಗಳೂ ನಿಂತವು. ಶಿವಾಜಿನಗರದ ಎಷ್ಟೋ ಅಂಗಡಿಗಳಲ್ಲಿ ಯಂತ್ರಗಳಿಗೆ ಗೋಣಿ ಹೊದಿಸಿದ್ದರು. ಅತ್ತೆಯ ಮಾತಿಗೆ ನಮ್ಮ ಬೀದಿಯಲ್ಲಿ ತೂಕ ಬಂದದ್ದು ಹಾಗೆ.

ಅದೇ ಹೊತ್ತಿಗೆ ಗೋದಾಮು ಮುಚ್ಚಿ ಅಪ್ಪನ ಕೆಲಸ ಹೋಯಿತು. ಅಪ್ಪ ಅದನ್ನು ಹೇಳಿಕೊಂಡು ಅಳಲಿಲ್ಲ, ಯಾರ ಮೇಲೂ ರೇಗಲಿಲ್ಲ. ಎಂದಿನಂತೆ ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ತಲೆ ಬಾಚಿ, ಒಂಬತ್ತಕ್ಕೆ ಮನೆ ಬಿಡುತ್ತಿದ್ದ. ಕೆರೆಯ ಏರಿಯ ಮೇಲೆ ಕೂತಿದ್ದು ಐದಕ್ಕೆ ಬರುತ್ತಿದ್ದ. ಅಮ್ಮನಿಗೆ ಗೊತ್ತಿತ್ತು, ಬುತ್ತಿ ಕಟ್ಟಿಕೊಡುವುದನ್ನು ಅವಳು ನಿಲ್ಲಿಸಲಿಲ್ಲ. ಅತ್ತೆ 'ಬೇಕಾಗಿದ್ದಾರೆ' ಕಾಲಂ ಓದುವಾಗ ಗುಮಾಸ್ತರ ಸಾಲು ಬಂದರೆ ದನಿ ಸ್ವಲ್ಪ ಏರಿಸುತ್ತಿದ್ದಳು, ಅಪ್ಪ ಒಳಗಿದ್ದರೆ ಕೇಳಲಿ ಎಂದು. ಅಂಥ ಸಾಲುಗಳು ಬರುವುದೇ ಅಪರೂಪವಾಗಿತ್ತು.

ಇನ್ನೊಂದು ಕಡೆ ಷೇರುಪೇಟೆ ಏರುತ್ತಲೇ ಹೋಯಿತು. ಯುದ್ಧದಲ್ಲಿ ದುಡ್ಡು ಕಂಡವರು ಅದನ್ನು ಎಲ್ಲಾದರೂ ಹಾಕಬೇಕಿತ್ತು. ವಾರಕ್ಕೊಂದು ಹೊಸ ಕಂಪನಿ ಹುಟ್ಟುತ್ತಿತ್ತು. ಒಂದು ದಿನ ರಾಜರತ್ನಂ ಎಂಬ ಏಜೆಂಟರು ನಮ್ಮ ಜಗಲಿಗೇ ಬಂದರು. ಅಚ್ಚುಕಟ್ಟಾದ ಕೋಟು, ಮೆಲುದನಿ. ಕೃಷ್ಣರಾಜಪುರದ ಆಚೆ ಒಂದು ಸೈಕಲ್ ಕಾರ್ಖಾನೆ ಏಳಲಿದೆ, ಯಂತ್ರಗಳು ಇಂಗ್ಲೆಂಡಿನಿಂದ ಬರಲಿವೆ, ಯುದ್ಧ ಮುಗಿದು ಕೆಲಸ ಕಳೆದುಕೊಂಡ ನೂರಾರು ಫಿಟ್ಟರುಗಳಿಗೆ ಕೆಲಸ ಸಿಗಲಿದೆ ಎಂದು ವಿವರಿಸಿ, ಕಂಪನಿಯ ವಿವರಪತ್ರಿಕೆಯನ್ನು ಅತ್ತೆಯ ಕೈಗೆ ಕೊಟ್ಟರು. ಅಪ್ಪ ಅಂದು ಮನೆಯಲ್ಲೇ ಇದ್ದ. ಏಜೆಂಟರು ಅವನ ಕೆಲಸದ ವಿಚಾರ ಕೇಳಿ ತಿಳಿದುಕೊಂಡು, ಕಾರ್ಖಾನೆಗೆ ಅನುಭವಸ್ಥ ಸ್ಟೋರ್ ಕೀಪರು ಬೇಕೇ ಬೇಕಾಗುತ್ತದೆ ಎಂದರು. ಅಪ್ಪ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ಕೂತದ್ದನ್ನು ನಾನು ನೋಡಿದ್ದು.

ಅತ್ತೆ ಆ ಕಾಗದವನ್ನು ಎರಡು ದಿನ ರಾಗಿ ಕೋಣೆಯಲ್ಲಿಟ್ಟುಕೊಂಡು ಓದಿದಳು. ಮೂರನೆಯ ದಿನ ಜಗಲಿಗೆ ಬಂದಾಗ ಎಲ್ಲರೂ ಕಾದಿದ್ದರು. ಕಾರ್ಖಾನೆಯ ಬಗ್ಗೆ ಅವಳು ಒಳ್ಳೆಯ ಮಾತುಗಳನ್ನೇ ಆಡಿದಳು. ಸೈಕಲ್ ಎಲ್ಲರಿಗೂ ಬೇಕಾದದ್ದು, ಕೆಲಸ ಬಲ್ಲ ಕೈಗಳು ಊರ ತುಂಬ ಖಾಲಿ ಇವೆ, ಜಾಗವೂ ಊರಿಗೆ ಹತ್ತಿರದಲ್ಲೇ ಇದೆ ಎಂದಳು. ಖಾಸಿಂ ಸಾಹೇಬರು ತಲೆಯಾಡಿಸುತ್ತ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಅಮ್ಮಾ, ನೀವು ಹಾಕ್ತೀರಾ?"

"ಹಾಕ್ತೀನಿ. ಗಿರಣಿ ಷೇರು ಮಾರಿ ಇದಕ್ಕೆ ಹಾಕ್ತೀನಿ. ನೀವೂ ಹಾಕಬಹುದು."

ಅಂಥ ಮಾತು ಅವಳ ಬಾಯಿಂದ ಅದೇ ಮೊದಲ ಸಲ ಬಂದದ್ದು. ಸಾಹೇಬರು ಯಂತ್ರ ಮಾರಿದ ದುಡ್ಡಿನಲ್ಲಿ ಅರ್ಧ ಹಾಕಿದರು. ಸೆಲ್ವಮ್ಮ ಮಗಳು ಕಮಲಳ ಮದುವೆಗೆಂದು ಎತ್ತಿಟ್ಟಿದ್ದನ್ನೆಲ್ಲ ಹಾಕಿದಳು. ಕಮಲಳಿಗೆ ಹದಿನೇಳು, ಹತ್ತಿರದ ಕಾನ್ವೆಂಟಿನಲ್ಲಿ ಒಂದಷ್ಟು ಓದಿ ಬಿಟ್ಟಿದ್ದಳು. ಅಪ್ಪನಿಗೆ ಕೆಲಸದ ಕಾಗದ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಮನೆಯಲ್ಲಿ ಅಂಚೆಯವನ ದಾರಿ ಕಾದೆವು.

ಭೂಮಿಪೂಜೆಯ ಫೋಟೋ ಬಂತು. ಆಮೇಲೆ ಯಂತ್ರದ ಹಡಗು ತಡವಾಗಿದೆ ಎಂಬ ಕಾಗದ. ಆಮೇಲೆ ಏನೂ ಇಲ್ಲ. ಅಷ್ಟರಲ್ಲಿ ಪೇಟೆ ಬೀಳಲು ಶುರುವಾಗಿತ್ತು, ದೊಡ್ಡ ದೊಡ್ಡ ಗಿರಣಿಗಳ ಬೆಲೆಯೇ ದಿನದಿನಕ್ಕೆ ಇಳಿಯುತ್ತಿತ್ತು. ಅತ್ತೆ ಅದನ್ನೂ ಎಂದಿನ ದನಿಯಲ್ಲೇ ಓದಿದಳು. ಆದರೆ ಓದಿ ಮುಗಿಸಿ ಎದ್ದು ಹೋಗುವ ಬದಲು ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇರುತ್ತಿದ್ದಳು. ಒಂದು ಬೆಳಿಗ್ಗೆ ನನ್ನನ್ನು ಕರೆದು, ಸರೂ, ಸ್ಕೂಲಿಗೆ ಬೇಡ, ನನ್ನ ಜೊತೆ ಬಾ ಎಂದಳು. ಕಂಟೋನ್ಮೆಂಟಿನಲ್ಲಿ ರೈಲು ಹತ್ತಿ ಕೃಷ್ಣರಾಜಪುರದಲ್ಲಿ ಇಳಿದೆವು. ಅಲ್ಲಿಂದ ರಾಗಿ ಹೊಲಗಳ ಬದುವಿನ ಮೇಲೆ ಬಹಳ ದೂರ ನಡೆದೆವು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೈಕಲ್ ಕಂಪನಿ ಎಲ್ಲಿ ಎಂದು ಕೇಳಿದರೆ, ಯಾರೂ ಗೊತ್ತಿಲ್ಲ ಎನ್ನಲಿಲ್ಲ, ಎಲ್ಲರೂ ಸ್ವಲ್ಪ ನಕ್ಕು ದಾರಿ ತೋರಿಸಿದರು. ಬಯಲಿನಲ್ಲಿ ನಾಲ್ಕು ಕಲ್ಲುಕಂಬ, ಒಂದು ತಳಪಾಯ, ಅರಿಶಿನ ಕುಂಕುಮ ಮಾಸಿದ ಒಂದು ಅಡಿಗಲ್ಲು. ತಳಪಾಯದ ಮೇಲೆ ಒಬ್ಬಾಕೆ ರಾಗಿ ಒಣಗಿಸುತ್ತಿದ್ದಳು. ಅವಳ ಗಂಡ ಅಲ್ಲಿಯ ಕಾವಲುಗಾರ. ಅತ್ತೆ ತಾನು ಷೇರಿನವಳು ಎಂದು ಹೇಳಿಕೊಂಡಾಗ ಅವನು ಗೌರವದಿಂದ ಎದ್ದು ನಿಂತ.

"ನನ್ಗೇ ಐದು ತಿಂಗ್ಳಿಂದ ಸಂಬ್ಳ ಇಲ್ಲ ಕಣವ್ವ. ಯಾರ್ನ ಕೇಳ್ಲಿ ಹೇಳು."

ಅವನ ಹೆಂಡತಿ ನಮಗೆ ಮಜ್ಜಿಗೆ ಕೊಟ್ಟಳು. ಕಂಪನಿಯವರು ಮೋಸಗಾರರೋ, ಅಥವಾ ಅವರೂ ಬೀಳುವ ಪೇಟೆಯಲ್ಲಿ ಸಿಕ್ಕಿಕೊಂಡವರೋ ನಮಗೆ ಎಂದೂ ತಿಳಿಯಲಿಲ್ಲ. ವಾಪಸು ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ರೈಲಿಗೆ ಕಾದೆವು. ಅದು ಬರುವ ಸದ್ದು ಕೇಳಿದಾಗ ಅತ್ತೆ ಮಾತಾಡಿದಳು.

"ಆ ಕಾಗದದಲ್ಲಿ ಯಂತ್ರ ಯಾವ ಊರಿಂದ ಬರುತ್ತೆ, ಯಾರು ಕೊಡೋಕೆ ಒಪ್ಕೊಂಡಿದಾರೆ, ಒಂದೂ ಬರೆದಿರಲಿಲ್ಲ ಸರೂ. ಬೇರೆ ಕಂಪ್ನಿದಾಗಿದ್ರೆ ಅದೇ ಮೊದಲು ಕಣ್ಣಿಗೆ ಬೀಳ್ತಿತ್ತು. ನಾನು ಓದ್ತಾ ಓದ್ತಾ ನಿಮ್ಮಪ್ಪನ ಮುಖ ನೋಡ್ತಿದ್ದೆ."

ನನಗಾಗ ಹನ್ನೆರಡು ವರ್ಷ. ದೊಡ್ಡವರೊಬ್ಬರು ನನಗೆ ಹೀಗೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅವಳ ಚೀಲವನ್ನು ನಾನು ಹಿಡಿದುಕೊಂಡೆ.

ಮನೆಗೆ ಬಂದು ಅತ್ತೆ ತಾನು ಕಂಡದ್ದನ್ನು ಹೇಳಿ, ನಾಳೆ ಎಲ್ಲರ ಮನೆಗೂ ಹೋಗಿ ತಿಳಿಸುತ್ತೇನೆ ಎಂದಾಗ ಅಪ್ಪ ಬೇಡವೆಂದ. ಹೇಗೂ ಒಂದು ದಿನ ಕಂಪನಿಯವರೇ ಕಾಗದ ಹಾಕುತ್ತಾರೆ, ನೀನು ದಲ್ಲಾಳಿಯಲ್ಲ, ಯಾರ ಕೈಯಿಂದಲೂ ಕಾಸು ಮುಟ್ಟಿದವಳಲ್ಲ ಎಂದು ವಾದಿಸಿದ. ಅಮ್ಮ ಮಾತ್ರ, ಹೋಗಿ ಬರಲಿ ಬಿಡಿ, ಇಲ್ಲದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ ಎಂದಳು. ಅಮ್ಮ ಅತ್ತೆಯ ಪರವಾಗಿ ಮಾತಾಡಿದ್ದನ್ನು ಕೇಳಿ ಅಪ್ಪ ವಾದ ಬಿಟ್ಟ.

ಮರುದಿನ ಅತ್ತೆಯ ಜೊತೆ ನಾನೂ ಹೋದೆ. ಖಾಸಿಂ ಸಾಹೇಬರು ಅಂಗಡಿಯಲ್ಲಿ ಸ್ಟೂಲು ಹಾಕಿ ಕೂರಿಸಿ ಎಲ್ಲವನ್ನೂ ಕೇಳಿದರು. ಗಡ್ಡ ನೀವಿಕೊಳ್ಳುತ್ತ, ಅತ್ತೆಯ ಮುಖ ನೋಡದೆ ಹೇಳಿದರು.

"ಒಂದ್ಸಲ ನಿಮ್ಮ ಮಾತು ಕೇಳಿ ಉಳೀತು, ಒಂದ್ಸಲ ನಿಮ್ಮ ಮಾತು ಕೇಳಿ ಹೋಯ್ತು. ಬರಾಬರ್ ಆಯ್ತಲ್ಲಮ್ಮ. ನೀವು ಇಷ್ಟು ದೂರ ನಡೆದು ಬಂದು ಹೇಳ್ಬೇಕಾಗಿರ್ಲಿಲ್ಲ."

ಸೆಲ್ವಮ್ಮನ ಕೊಟ್ಟಿಗೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಅವಳು ಹಾಲು ಕರೆಯುತ್ತಿದ್ದಳು. ಅತ್ತೆ ನಿಂತೇ ಹೇಳಿದಳು, ತನ್ನ ತಪ್ಪೆಂದೂ ಹೇಳಿದಳು. ಸೆಲ್ವಮ್ಮನ ಕೈ ನಿಂತಿತು. ಗೋಡೆಯಾದರೂ ಎದ್ದಿದೆಯಾ ಎಂದು ಕೇಳಿದಳು. ಇಲ್ಲವೆಂದಳು ಅತ್ತೆ.

"ಕಮಲಾ ಮದ್ವೆ ಕಾಸು ಅದು."

"ಗೊತ್ತು ಸೆಲ್ವಮ್ಮ."

ಸೆಲ್ವಮ್ಮ ಮತ್ತೆ ಕೆಚ್ಚಲಿಗೆ ಕೈ ಹಾಕಿದಳು. ಚೊಂಬಿಗೆ ಹಾಲು ಬೀಳುವ ಸದ್ದಿನಲ್ಲಿ ನಾವು ಹಿಂತಿರುಗಿದೆವು. ಮರುದಿನದಿಂದ ಹಾಲು ಹೊತ್ತಿಗೆ ಸರಿಯಾಗಿ ಬಂತು, ಅಳತೆಯೂ ಕಡಿಮೆಯಾಗಲಿಲ್ಲ, ಆದರೆ ತಂದವಳು ಕಮಲ. ಕ್ಯಾನಿನ ಮೇಲೆ ದೊರೆಸಾನಿಯ ಪತ್ರಿಕೆಯೂ ಇತ್ತು. ಸೆಲ್ವಮ್ಮ ನಮ್ಮ ಮೆಟ್ಟಿಲು ತುಳಿಯಲಿಲ್ಲ. ಬೀದಿಯಲ್ಲಿ ಎದುರಾದರೆ ಎಮ್ಮೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕಮಲಳಿಗೆ ಗೊತ್ತು ಮಾಡಿದ್ದ ಸಂಬಂಧವೂ ತಪ್ಪಿಹೋಯಿತು.

ಜಗಲಿಯ ಓದು ನಿಂತಿತು. ನಾಲ್ಕು ಗಂಟೆಗೆ ಯಾರೂ ಬರುತ್ತಿರಲಿಲ್ಲ; ಬಂದಿದ್ದರೂ ಅತ್ತೆ ಓದುತ್ತಿರಲಿಲ್ಲವೇನೋ. ಅಮ್ಮ ಒಂದು ದಿನ ಅವಳ ಕೈಗೆ ಸೌಟು ಕೊಟ್ಟು, ಸಾರಿಗೆ ಒಗ್ಗರಣೆ ಹಾಕು ಎಂದಳು. ಅಂದಿನಿಂದ ಅಡುಗೆಮನೆಯಲ್ಲಿ ಇಬ್ಬರೂ ಇರತೊಡಗಿದರು. ಖಾಸಿಂ ಸಾಹೇಬರ ನೆಂಟರ ಜವಳಿ ಅಂಗಡಿಯಲ್ಲಿ ಅಪ್ಪನಿಗೆ ಒಂದು ಸಣ್ಣ ಕೆಲಸ ಸಿಕ್ಕಿತು. ಅತ್ತೆ ಪತ್ರಿಕೆಯಲ್ಲಿ ಈಗ ಓದುತ್ತಿದ್ದದ್ದು 'ಬೇಕಾಗಿದ್ದಾರೆ' ಕಾಲಂ ಒಂದನ್ನೇ. ಅಲ್ಲಿ ಒಂದು ದಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಹುಡುಗಿಯರು ಬೇಕಾಗಿದ್ದಾರೆ ಎಂಬ ಸಾಲು ಕಂಡಿತು. ಇಂಗ್ಲಿಷ್ ಅಂಕಿಗಳನ್ನು ತಡವರಿಸದೆ, ಸ್ಪಷ್ಟವಾಗಿ ಹೇಳಬಲ್ಲವರಾಗಿರಬೇಕಂತೆ. ಹಾಲು ಅಳೆದು ಹೊರಟಿದ್ದ ಕಮಲಳನ್ನು ಅತ್ತೆ ಕರೆದು ಕೂರಿಸಿಕೊಂಡು, ನಿನಗೆ ಇಷ್ಟವಿದೆಯೇ ಎಂದು ಕೇಳಿದಳು. ಅವಳು ತಲೆಯಾಡಿಸಿದಳು. ನಿಮ್ಮಮ್ಮನನ್ನು ಕೇಳಿ ಬಾ ಎಂದು ಅತ್ತೆ ಕಳಿಸಿದಳು. ಮರುದಿನ ಕಮಲ, ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ ಎಂದಳು.

ಕಮಲಳಿಗೆ ಇಂಗ್ಲಿಷ್ ಅಂಕಿ ಹೇಳಿಕೊಡುವ ಪಾಠ ಆರು ತಿಂಗಳು ನಡೆಯಿತು. ಅಂಕಿಗಳು ಸಾಲುಸಾಲಾಗಿ ಸಿಗುವ ಪುಸ್ತಕ ನಮ್ಮಲ್ಲಿ ಇನ್ನಾವುದಿತ್ತು? ರಾಗಿ ಕೋಣೆಯಲ್ಲಿ ಮೂಟೆಗಳಿದ್ದ ಜಾಗದಲ್ಲಿ ಪೇರಿಸಿದ್ದ ಹಳೆಯ ಪತ್ರಿಕೆಗಳನ್ನೇ ಅತ್ತೆ ತೆಗೆದಳು. ಎಂದೋ ಸತ್ತುಹೋದ ಬೆಲೆಗಳನ್ನು ಕಮಲ ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ಕಂಬದ ಆಚೆ, ಮುಖ ಕಾಣದಂತೆ ನಿಂತು, ಟೆಲಿಫೋನಿನಲ್ಲಿ ಕೇಳುವವರ ಹಾಗೆ ಸದ್ದು ಮಾತ್ರ ಕೇಳಿಸಿಕೊಂಡು ತಿದ್ದುತ್ತಿದ್ದಳು. ಷೇರಿನ ಮಾತು ಮಾತ್ರ ಬಾಯಿತಪ್ಪಿಯೂ ಬರಲಿಲ್ಲ. ದೊರೆಸಾನಿಯೂ ಉಚ್ಚಾರಣೆಯನ್ನು ಸ್ವಲ್ಪ ತಿದ್ದಿಕೊಟ್ಟಳಂತೆ. ಕಡೆಗೆ ಎಕ್ಸ್‌ಚೇಂಜಿನವರು ಮತ್ತೆ ಹುಡುಗಿಯರನ್ನು ಕರೆದಾಗ ಕಮಲ ಹೋಗಿ ಕೆಲಸ ಗಿಟ್ಟಿಸಿಕೊಂಡು ಬಂದಳು. ನಮ್ಮ ಬೀದಿಯಿಂದ ಕಚೇರಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ಅವಳು.

ಅವಳ ಮೊದಲ ಸಂಬಳದ ದಿನ ಸಂಜೆ ಸೆಲ್ವಮ್ಮ ಮಗಳ ಜೊತೆ ನಮ್ಮ ಮೆಟ್ಟಿಲು ಹತ್ತಿದಳು. ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಹಾಲಿನ ಕ್ಯಾನು ತಂದಿರಲಿಲ್ಲ, ಸೀರೆ ಬದಲಿಸಿದ್ದಳು. ಕಮಲಳ ಕೈಯಲ್ಲಿ ಕವರು ಇತ್ತು. ಅತ್ತೆ ಅದನ್ನು ನೋಡಿದವಳೇ ಎದ್ದು ನಿಂತಳು.

"ಎಲ್ಲಿಡ್ಬೇಕೂಂತ ನನ್ನ ಕೇಳ್ಬೇಡ ಸೆಲ್ವಮ್ಮ. ನಾನಿನ್ನು ಯಾರಿಗೂ ಹೇಳಲ್ಲ."

"ನಿನ್ನ ಯಾರಕ್ಕಾ ಕೇಳಿದ್ದು? ಆರು ತಿಂಗ್ಳು ಇವಳ ಕೈಲಿ ಆ ನಂಬರೆಲ್ಲ ಓದಿಸ್ದೆ. ಅದಕ್ಕೆ ಅರ್ಥ ಏನೂಂತ ಒಂದಿನಾನೂ ಹೇಳ್ಲಿಲ್ಲ. ಈಗ ಹೇಳ್ಕೊಡು. ಎಲ್ಲಿ ಇಡ್ಬೇಕು, ಎಲ್ಲಿ ಇಡ್ಬಾರ್ದು, ಅವಳೇ ನೋಡ್ಕೋತಾಳೆ."

ಅತ್ತೆ ಒಳಗೆ ಹೋಗಿ ಅಂದು ಬಂದಿದ್ದ ಪತ್ರಿಕೆ ತಂದು, ನನ್ನನ್ನೂ ಕರೆದು ಕಮಲಳ ಪಕ್ಕಕ್ಕೆ ಕೂರಿಸಿ, ಪುಟ ಬಿಡಿಸಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ಹಿಂದಿನ ದಿನದ ಬೆಲೆ, ಇದು ಆ ದಿನದ ಬೆಲೆ, ಎರಡರ ನಡುವೆ ಏನಾಯಿತೆಂದು ಇಲ್ಲಿ ಬರೆದಿರುವುದಿಲ್ಲ, ಅದನ್ನು ನಾವೇ ಹೋಗಿ ನೋಡಬೇಕು ಎಂದಳು. ಎಲ್ಲಿಗೆ ಹೋಗಿ ನೋಡಬೇಕು ಎಂದು ಕಮಲ ಕೇಳಿದಳು. ಅತ್ತೆ ಸೆಲ್ವಮ್ಮನ ಕಡೆ ಒಮ್ಮೆ ನೋಡಿ, ಕೃಷ್ಣರಾಜಪುರದ ಬಯಲು, ನಾಲ್ಕು ಕಂಬ, ಸಂಬಳವಿಲ್ಲದ ಕಾವಲುಗಾರ, ಆ ವಿವರಪತ್ರಿಕೆಯಲ್ಲಿ ಬರೆಯದೆ ಬಿಟ್ಟಿದ್ದ ಸಂಗತಿಗಳು, ಎಲ್ಲವನ್ನೂ ಒಂದೊಂದಾಗಿ ಹೇಳತೊಡಗಿದಳು. ಅವನ್ನು ತಾನು ಯಾಕೆ ಕಾಣಲಿಲ್ಲ, ಓದುವಾಗ ಯಾರ ಮುಖ ನೋಡುತ್ತಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಂಗಡಿಯಿಂದ ಬಂದ ಅಪ್ಪ ಆ ಹೊತ್ತಿಗೆ ಬೀದಿಯಲ್ಲೇ, ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದ. ಆ ಮಾತು ಅವನು ಕೇಳಿದ್ದು ಅದೇ ಮೊದಲು. ಅತ್ತೆ ಅವನನ್ನು ಕಂಡು ತಟಕ್ಕನೆ ನಿಲ್ಲಿಸಿದಳು. ಅಪ್ಪ ಚಪ್ಪಲಿ ಬಿಟ್ಟು ಮೇಲೆ ಬಂದು, ಸೆಲ್ವಮ್ಮ ಸರಿದು ಕೊಟ್ಟ ಜಾಗದಲ್ಲಿ ಕೂತು, ಅಕ್ಕ, ಮೊದಲಿಂದ ಹೇಳು, ನಾನೂ ಕಲೀತೀನಿ ಎಂದ.